ಎರಡು ತುಂಡಾದ ಬಯೋಡಾಟಾ

ಎಂಬತ್ತರ ದಶಕದ ಕೊನೆಯಲ್ಲಿ ಬೆಟಗೇರಿಯ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಮುಟ್ಟಿದವನು ನಾನೊಬ್ಬನೇ. ಆ ಸುದ್ದಿ ಹಬ್ಬಿಸಿದವನೂ ನಾನೇ. ಗದಗಿನ ಎಣ್ಣೆ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಗೆ ಬಂದ ಯಂತ್ರದ ಧೂಳು ಒರೆಸುವುದರಿಂದ ಶುರುವಾದ ನನ್ನ ಪಾಂಡಿತ್ಯ ಅದಕ್ಕಿಂತ ಬಹಳ ಮುಂದೇನೂ ಹೋಗಿರಲಿಲ್ಲ.

ಸಂಬಂಧ ಕೇಳಿ ಬಂದ ಮುಂಡರಗಿಯ ಬೀಗರು, ಶಿರಹಟ್ಟಿಯ ಬೀಗರು ಆಗಲೇ ನನ್ನ ಕಂಪ್ಯೂಟರ್ ಪುರಾಣ ಕೇಳಿ ಸುಸ್ತಾಗಿ, ಚಹಾ ಕುಡಿದು ಎದ್ದು ಹೋಗಿದ್ದರು. ಆಮೇಲೆ ಬಂದದ್ದು ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿಯ ಮಗಳ ಸಂಬಂಧ. ಪಿಯುಸಿ ಓದಿದ ಹುಡುಗಿ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನೋಡಿದ್ದೆ. ಈ ಹುಡುಗಿ ಒಲ್ಲೆ ಎಂದರೆ ನನಗೆ ಮದುವೆಯೇ ಬೇಡ ಅನ್ನಿಸಿಬಿಟ್ಟಿತ್ತು.

ಅವರು ಬಯೋಡಾಟಾ ಕೇಳಿದರು. ಗಿರಣಿಯ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲೇ ಟೈಪಿಸಿದೆ. ಹೆಸರು ದಪ್ಪ ಅಕ್ಷರದಲ್ಲಿ, ತಲೆಬರಹ ನಟ್ಟನಡುವೆ, ನನ್ನ ಕಂಪ್ಯೂಟರ್ ಜ್ಞಾನದ ಕೆಳಗೆ ಉದ್ದಕ್ಕೂ ಗೆರೆ. ದಿನಾ ದೂರದ ನಲ್ಲಿಯಿಂದ ಮನೆಗೆ ನೀರು ತರುತ್ತೇನೆ ಎಂಬುದನ್ನೂ ನನ್ನ ಅಮ್ಮಿ ಹಟ ಹಿಡಿದು ಬರೆಸಿದ್ದಳು. ನಾಚಿಕೆಯಾಗಿ ಅದನ್ನು ತಳಕ್ಕೆ ತಳ್ಳಿದೆ.

"ಏನರ ಬರಿ, ಎಲ್ಲಾಕ್ಕಿಂತ ಮ್ಯಾಲ ಬಿಸ್ಮಿಲ್ಲಾದ 786 ಇರಬೇಕು ನೋಡು," ಎಂದೂ ಅಂದಿದ್ದಳು.

ಅಲ್ಲೇ ಎಡವಟ್ಟಾದದ್ದು. ಅಂಚು ಎಷ್ಟು, ಪುಟಕ್ಕೆ ಸಾಲು ಎಷ್ಟು ಎಂಬ ಅಪ್ಪಣೆಗಳನ್ನು ನಾನು ಟೈಪಿಸಿದ ಪ್ರೋಗ್ರಾಮಿನಲ್ಲಿ ಚುಕ್ಕಿಯಿಟ್ಟು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು. ನಾನು 786 ಹಾಕಿ ಅಪ್ಪಣೆಗಳನ್ನು ಅದರ ಕೆಳಗೆ ಬರೆದೆ. ಯಂತ್ರ ಅವನ್ನು ಲೆಕ್ಕಿಸದೆ ತನಗೆ ಬೇಕಾದಷ್ಟು ಅಂಚು ಬಿಟ್ಟಿತು. ಬಿಲ್ಲಿನ ಗಿಡ್ಡ ಹಾಳೆಯೊಂದರಲ್ಲೇ ಮುಗಿಯಬೇಕಿದ್ದ ನಾನು ಒಂದಕ್ಕೊಂದು ಕೂಡಿದ ಎರಡು ಹಾಳೆಗೆ ಹರಡಿಕೊಂಡೆ. ನಡುವೆ ಹರಿಯಲೆಂದೇ ಕೊರೆದ ತೂತಿನ ಸಾಲು. ಇನ್ನೊಮ್ಮೆ ಮುದ್ರಿಸೋಣವೆಂದರೆ ಕರೆಂಟು ಹೋಯಿತು.

ಲಕ್ಷ್ಮೇಶ್ವರದ ಪಡಸಾಲೆಯಲ್ಲಿ ಹುಡುಗಿಯ ತಂದೆ ಆ ಜೋಡಿ ಹಾಳೆಯನ್ನು ತಿರುವಿ ಮುರುವಿ ನೋಡಿದರು. ತೂತಿನ ಸಾಲು ಕಂಡು ಮುಖ ಅರಳಿತು.

"ಹೊರಗ ಗಂಡಸರಿಗೊಂದು, ಒಳಗ ಹೆಣ್ಮಕ್ಕಳಿಗೊಂದು. ಹುಡುಗಗ ರಿವಾಜ ಗೊತ್ತೈತಿ," ಎಂದು ಪರ್ರನೆ ಹರಿದೇಬಿಟ್ಟರು. ಕೆಳಗಿನ ತುಂಡು ಪರದೆಯ ಆಚೆ ಹೋಯಿತು.

ನನ್ನ ಹೆಸರು, ಪದವಿ, ಗೆರೆ ಎಳೆದ ಜ್ಞಾನ ಎಲ್ಲ ಹೊರಗೇ ಉಳಿದವು. ತಡೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪರದೆ ಮುಚ್ಚಿತ್ತು. ಹೊರಗುಳಿದ ತುಂಡಿನ ಗೆರೆಯನ್ನೇ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಸಕ್ಕರೆ ಬಂತು. ಒಪ್ಪಿಗೆ!

ಮದುವೆಯಾದ ಮೇಲೆ ಒಂದು ದಿನ, ನನ್ನಲ್ಲಿ ಏನು ನೋಡಿ ಒಪ್ಪಿದೆ ಎಂದು ಹೆಂಡತಿಯನ್ನು ಕೇಳಿದೆ. ಕಂಪ್ಯೂಟರ್ ಎನ್ನುತ್ತಾಳೆಂದು ಕಾದೆ.

"ನನ್ನ ಕೈಗೆ ಬಂದಿದ್ದು ಅರ್ಧಾನ. ಹೆಸರೂ ಇರಲಿಲ್ಲ. ನೀರು ತರ್ತಾನ ಅಂತ ಇತ್ತು, ಹೂಂ ಅಂದೆ."

"ಮ್ಯಾಲಿನ ಅರ್ಧ?"

"ನಿಕಾಹ್ ಆದಮ್ಯಾಲ ಅಪ್ಪ ತೋರಿಸಿದ್ರು. ಅದ ಮೊದಲ ಬಂದಿದ್ರ..."

ಮಾತು ಅಲ್ಲಿಗೇ ಬಿಟ್ಟು ಖಾಲಿ ಕೊಡ ನನ್ನ ಕೈಗೆ ಕೊಟ್ಟಳು. ನಾನು ಕೊಡ ಹೊತ್ತು ನಲ್ಲಿಗೆ ನಡೆದೆ.