ಬೇರಿಯಮ್ ತೂಗುವವನ ಊಟ

ಗಜೇಂದ್ರಗಡದ ಹತ್ತಿರದ ಆ ಇಟ್ಟಂಗಿ ಭಟ್ಟಿಯಲ್ಲಿ ನನಗೆ ಜೊತೆ ಸಿಗುತ್ತಿದ್ದುದು ಮಧ್ಯಾಹ್ನ ಮಾತ್ರ. ಎಲ್ಲರೂ ರೊಟ್ಟಿ ಗಂಟು ಬಿಚ್ಚಿ ನಡುವೆ ಇಟ್ಟು, ಹಂಚಿಕೊಂಡು ಉಣ್ಣುತ್ತಿದ್ದೆವು.

ಇಟ್ಟಂಗಿಯ ಮೇಲೆ ಬಿಳಿ ಉಪ್ಪು ಏಳದಂತೆ ಮಣ್ಣಿಗೆ ಬೇರಿಯಮ್ ಕಾರ್ಬೊನೇಟ್ ತೂಗಿ ಹಾಕುವುದು ಕಂಪನಿ ನನಗೆ ಕೊಟ್ಟ ಕೆಲಸ. ಆ ಪುಡಿ ಹೊಟ್ಟೆಗೆ ಹೋದರೆ ವಿಷ, ಸಾಬೂನು ಹಚ್ಚಿ ಕೈ ತೊಳೆಯದೆ ಉಣ್ಣಬೇಡಿ ಎಂದು ಒಂದು ಮುಂಜಾನೆ ಎಲ್ಲರಿಗೂ ವಿವರಿಸಿದೆ. ಅಂದು ಮಧ್ಯಾಹ್ನ ಮೇಸ್ತ್ರಿ ಖಾದರಸಾಬರು ನನ್ನ ಪಾಲಿನ ರೊಟ್ಟಿಯನ್ನು ದೂರದ ಕಲ್ಲಿನ ಮೇಲೆ ಇಟ್ಟಿದ್ದರು.

"ಎರಡ ಸಲ ಕೈ ತೊಳಕೊಂಡು ಬಂದೀನ್ರಿ, ಚಾಚಾ," ಎಂದೆ.

"ಖರೇರಿ. ಆದ್ರ ವಿಷ ಅಂದಾವ್ರೂ ನೀವ, ದಿನಾ ಅದನ್ನ ತೂಗಾವ್ರೂ ನೀವ. ಬ್ಯಾಸರ ಮಾಡ್ಕೋಬ್ಯಾಡ್ರಿ, ಸರ."

ಕಲ್ಲಿನ ಮೇಲೆ ಕೂತು ಒಬ್ಬನೇ ಉಂಡೆ. ಸಂಜೆ ಕಂಪನಿಗೆ ವರದಿ ಬರೆದೆ: ಸುರಕ್ಷತೆಯ ಪಾಠ ಎಲ್ಲರಿಗೂ ಚೆನ್ನಾಗಿ ಮನದಟ್ಟಾಗಿದೆ.