ನಾಪೋಕ್ಲಿನ ಪ್ರೊಸೆಸರ್ ಬೋಪಯ್ಯ

ಬೋಪಯ್ಯ ಅಂಕಲ್‌ಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ನಾಪೋಕ್ಲು ಬಸ್‌ಸ್ಟ್ಯಾಂಡಿನ ಹಿಂದಿನ ಅವರ ಕಂಪ್ಯೂಟರ್ ಅಂಗಡಿಯ ಗೋಡೆಯಲ್ಲಿ ಕೀಬೋರ್ಡ್ ಬಡಿದ ಗುರುತುಗಳಿದ್ದವು. ಒಮ್ಮೆ ಬಾಕಿ ಕೇಳಲು ಬಂದವನ ಕಾಲರ್ ಹಿಡಿದು ಚರಂಡಿಗೆ ತಳ್ಳಿದ್ದರು. ಹಾಗಿದ್ದೂ ಜನ ಅಲ್ಲಿಗೇ ಹೋಗುತ್ತಿದ್ದರು.

ನಾನು ಮದುವೆ ವಿಡಿಯೋ ಎಡಿಟ್ ಮಾಡುವವಳು. ಹೊಸ ಕಂಪ್ಯೂಟರಿಗೆ ಎಲ್ಲಕ್ಕಿಂತ ದುಬಾರಿ, ಒಳಗೆ ಹದಿನಾರು ಕೋರ್ ಇರುವ ಪ್ರೊಸೆಸರ್ ಬೇಕೆಂದು ಕೇಳಿದೆ. ಅವರ ಕಿವಿ ಕೆಂಪಾಯಿತು.

"ಕೋರ್ ಜಾಸ್ತಿ ಇದ್ರೆ ಎಲ್ಲ ಆಯ್ತಾ? ಒಂದು ಕಾಫಿ ಗಿಡಕ್ಕೆ ಹದಿನಾರು ಜನ ಪಿಕ್ಕಿಂಗ್‌ಗೆ ಬಂದ್ರೆ ಎಂತ ಮಾಡ್ತಾರೆ, ಬೀಡಿ ಸೇದ್ತಾರೆ. ನಿನ್ನ ವಿಡಿಯೋ ಕೊಡು ಮಾರಾಯ್ತಿ."

ಅದೇ ವಿಡಿಯೋವನ್ನು ಎರಡು ಯಂತ್ರಗಳಲ್ಲಿ ಹಾಕಿ ಒಟ್ಟಿಗೇ ಓಡಿಸಿದರು. ಅಗ್ಗದ್ದು ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಮುಗಿಸಿತು. ದುಬಾರಿಯದು ಮುಗಿಸಿದ್ದು ಅದಕ್ಕಿಂತ ಎರಡೇ ಗುಟುಕು ಮೊದಲು. ನಾನು ಅಗ್ಗದ್ದನ್ನೇ ತೆಗೆದುಕೊಂಡೆ. ಊರಿನವರಿಗೆಲ್ಲ ಅವರು ಹೀಗೆಯೇ ಹೋಲಿಸಿ ತೋರಿಸಿಯೇ ಮಾರುತ್ತಿದ್ದರು.

ಕಳೆದ ವರ್ಷ ಮೈಸೂರು ಕಡೆಯಿಂದ ಸುರೇಶ ಎಂಬವನು ಕಡಿಮೆ ಬೆಲೆಗೆ ಪ್ರೊಸೆಸರ್‌ಗಳನ್ನು ತಂದುಕೊಡತೊಡಗಿದ. ಮೊದಲ ಸಲದ ಮಾಲು, ಅವಸರದ ಆರ್ಡರ್ ಎಂದು ಓಡಿಸಿ ನೋಡದೆಯೇ, ಚೆಟ್ಟಳ್ಳಿ ಕಡೆಯ ಶಾಲೆಯೊಂದಕ್ಕೆ ಹೋಯಿತು. ಎರಡನೆಯ ಸಲ ಅವನು ಬಂದಾಗ ನಾನು ಅಂಗಡಿಯಲ್ಲಿಯೇ ಇದ್ದೆ. ಅಂಕಲ್ ಒಂದನ್ನು ಕೂರಿಸಿ ಯಂತ್ರ ಚಾಲೂ ಮಾಡಿದರು. ಪರದೆಯ ಮೇಲೆ ಬೇರೆಯೇ ಹೆಸರು ಬಂತು. ಯಾರೋ ಹಳೆಯ ಪ್ರೊಸೆಸರಿನ ಮೇಲಿನ ಅಕ್ಷರ ಕೆರೆದು ಹೊಸತರ ಹೆಸರು ಅಚ್ಚು ಹಾಕಿದ್ದರು.

"ಶಾಲೆಗೆ ಕೊಟ್ಟದ್ದೂ ಇದೇನಾ?" ಅಂಕಲ್ ಕೇಳಿದರು.

ಸುರೇಶ ನಕ್ಕ. "ಶಾಲೆಯವರಿಗೆ ಎಲ್ಲಿ ಗೊತ್ತಾಗ್ತದೆ ಸಾರ್?"

ಪ್ರೊಸೆಸರ್ ತಂಪಾಗಿಡುವ ಲೋಹದ ದಿಮ್ಮಿಯೊಂದು ಮೇಜಿನ ಮೇಲಿತ್ತು. ಅಂಕಲ್ ಅದನ್ನೆತ್ತಿ ಅವನ ಮುಖಕ್ಕೆ ಹೊಡೆದರು. ಅವನು ಬಿದ್ದ. ಬಿದ್ದ ಮೇಲೂ ಹೊಡೆದರು. ಹಿಂದಿನಿಂದ ಅವರ ಅಂಗಿ ಹಿಡಿದೆಳೆದ ನನ್ನನ್ನು ಕೊಡವಿದ ರಭಸಕ್ಕೆ ನನ್ನ ತಲೆ ಶಟರ್‌ಗೆ ಬಡಿಯಿತು. ಆ ಸದ್ದಿಗೆ ನಿಂತರು. ಮುಖ ಮುಚ್ಚಿಕೊಂಡಿದ್ದ ಸುರೇಶನ ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಅವನನ್ನು ಎತ್ತಿ ಜೀಪಿನಲ್ಲಿ ಹಾಕಿದವರೂ ಅವರೇ. ಅವನ ತಲೆ ನನ್ನ ಮಡಿಲಲ್ಲಿತ್ತು. ಮಡಿಕೇರಿಯ ಆಸ್ಪತ್ರೆ ಮುಟ್ಟುವವರೆಗೆ ಅಂಕಲ್ ಒಂದೇ ಮಾತು ಕೇಳುತ್ತಿದ್ದರು: "ಉಸಿರು ಉಂಟಾ?"

ಉಸಿರು ಉಳಿಯಿತು, ಎಡಗಣ್ಣು ಹೋಯಿತು.

ಜಾಮೀನಿನ ಮೇಲೆ ಹೊರಬಂದ ಅಂಕಲ್ ಮೊದಲು ಶಾಲೆಗೆ ಹೋಗಿ ಎಲ್ಲ ಪ್ರೊಸೆಸರ್‌ಗಳನ್ನೂ ಬದಲಿಸಿಕೊಟ್ಟರು. ವಿಚಾರಣೆಗೆ ಮುಂಚೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. "ನೀನು ಎಂತ ಸಹ ನೋಡ್ಲಿಲ್ಲ ಅಂತ ಹೇಳು ಮಗಾ. ಅವನನ್ನು ಬಿಟ್ರೆ ಬೇರೆ ಸಾಕ್ಷಿ ಇಲ್ಲ." ಜೀಪಿನಲ್ಲಿ ನನ್ನ ಮಡಿಲಿನ ಮೇಲೆ ಒರಗಿದ್ದ ಸುರೇಶನ ಮುಖ ಕಣ್ಣೆದುರಿಗಿತ್ತು.

ಕೋರ್ಟಿನಲ್ಲಿ ನೋಡಿದ್ದನ್ನೇ ಹೇಳಿದೆ. ಬಿದ್ದ ಮೇಲೂ ಹೊಡೆದದ್ದನ್ನೂ ಬಿಡಲಿಲ್ಲ. ಅಂಕಲ್ ನನ್ನನ್ನೇ ನೋಡುತ್ತಾ ಹೌದೆಂಬಂತೆ ತಲೆಯಾಡಿಸಿದರು.

ಶಿಕ್ಷೆಯಾದ ದಿನ ಸುರೇಶ ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದ ಬೆಂಚಿನಲ್ಲಿ ಕೂತಿದ್ದ. ಪೊಲೀಸರ ನಡುವೆ ಬರುತ್ತಿದ್ದ ಅಂಕಲ್ ಅವನೆದುರು ನಿಂತರು. ಏನೋ ಹೇಳಬೇಕೆಂದು ಬಾಯಿ ತೆರೆದು ಕೈ ಸ್ವಲ್ಪ ಮುಂದೆ ಚಾಚಿದರು. ಸುರೇಶ ಬೆಂಚಿನ ತುದಿಗೆ ಸರಿದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಅಂಕಲ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದನ್ನೇ ನೋಡುತ್ತಾ ವ್ಯಾನ್ ಹತ್ತಿದರು.