ಮೂಲೆಗೆ ಬಿದ್ದಿದ್ದ ತಗಡಿನ ಕತ್ತರಿ

ಮೊನ್ನೆ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದು ನನ್ನೆದುರಿಗೇ ತೆರೆದ. ಒಳಗೆ ಸುತ್ತಿಗೆ, ಇಕ್ಕಳ, ಅರ, ಸ್ಕ್ರೂಡ್ರೈವರು ಎಲ್ಲವೂ ತಮ್ಮ ತಮ್ಮ ಗುಳಿಯಲ್ಲಿ ಮಲಗಿದ್ದವು. ಹೊಸ ಕಬ್ಬಿಣಕ್ಕೆ ಸವರಿದ ಎಣ್ಣೆಯ ವಾಸನೆ ಗಮ್ಮೆಂದು ಬಂತು. "ಆರಿಸೋ ತಲೆನೋವೇ ಇಲ್ಲ ಅಂಕಲ್, ಎಲ್ಲಾ ಒಟ್ಟಿಗೆ ಬಂದ್ಬಿಡತ್ತೆ" ಎಂದ. ನನಗೆ ಸಿಟ್ಟು ಬಂತು. ವಯಸ್ಸಾದ ಮೇಲೆ ಇಂಥ ಸಣ್ಣ ವಿಷಯಗಳಿಗೇ ಸಿಟ್ಟು ಬರುವುದು. ದೊಡ್ಡ ವಿಷಯಗಳಲ್ಲಿ ನಮ್ಮನ್ನು ಕೇಳುವವರು ಯಾರು ಹೇಳಿ! ಇಕ್ಕಳವನ್ನು ಎತ್ತಿ, ಬಾಯಿ ಮುಚ್ಚಿಸಿ, ಕಿಟಕಿಗೆ ಹಿಡಿದೆ. ನಡುವಿನಿಂದ ಬೆಳಕು ತೂರಿ ಬಂತು. "ಬೆಳಕನ್ನೇ ಹಿಡಿಯದ್ದು ಮೊಳೆಯನ್ನೇನು ಹಿಡಿಯುತ್ತೆ?" ಎಂದೆ. ಅವನು ನಗುತ್ತ ಪೆಟ್ಟಿಗೆ ಮುಚ್ಚಿಕೊಂಡು ಮೆಟ್ಟಿಲೇರಿದ.

ಇಕ್ಕಳವನ್ನು ಬೆಳಕಿಗೆ ಹಿಡಿಯುವುದನ್ನು ನಾನು ಕಲಿತದ್ದು ಅಪ್ಪನಿಂದ. ಅಪ್ಪ ಕಮ್ಮಾರನೂ ಅಲ್ಲ, ಬಡಗಿಯೂ ಅಲ್ಲ. ಬೈಯಪ್ಪನಹಳ್ಳಿಯಲ್ಲಿ ಸೊಪ್ಪು ತರಕಾರಿ ಬೆಳೆದು, ಎತ್ತಿನ ಗಾಡಿಯಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾರುಕಟ್ಟೆಗೆ ತಂದು ಮಾರುತ್ತಿದ್ದವನು. ಆ ಮಾರುಕಟ್ಟೆಯಿದ್ದ ಇಂದಿನ ಶಿವಾಜಿನಗರವನ್ನು ಆಗಿನ್ನೂ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಕುಡುಗೋಲಾಗಲಿ ಮಡಕೆಯಾಗಲಿ, ಅಪ್ಪ ಏನನ್ನೇ ಕೊಳ್ಳಲಿ, ಉಗುರಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಮೂಸುತ್ತಿದ್ದ, ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದ. ಅಣ್ಣನಿಗೆ ಹೆಣ್ಣು ನೋಡಲು ಹೊರಟಾಗ ಅವ್ವ, "ಅಲ್ಲಿ ಹೋಗಿ ಯಾವುದನ್ನೂ ತಟ್ಟಿ ನೋಡ್ಬೇಡ" ಎಂದು ಮೊದಲೇ ಎಚ್ಚರಿಸಿದ್ದಳಂತೆ.

ಇಷ್ಟು ನೋಡಿ ಕೊಳ್ಳುವ ಮನುಷ್ಯನಿಗೆ ದೇವರು ನೋಡದೆ ಕೊಟ್ಟದ್ದು ನನ್ನನ್ನು. ನಾನು ಎಡಚ. ತರಕಾರಿ ಮಾರುವವರ ಮನೆಯಲ್ಲಿ ಇದು ಸಣ್ಣ ಕಷ್ಟವಲ್ಲ. ಚಿಕ್ಕವನಿದ್ದಾಗ ಒಮ್ಮೆ ಬೆಳಗಿನ ಬೋಣಿಯ ಹೊತ್ತಿನಲ್ಲಿ ಎಡಗೈಯಲ್ಲಿ ದಂಟಿನ ಸೊಪ್ಪು ನೀಡಿದೆ; ಕೊಳ್ಳಲು ಬಂದಾಕೆ ಬುಟ್ಟಿಗೆ ಕೈ ಕೂಡ ಹಾಕದೆ ಮುಂದಿನ ಅಂಗಡಿಗೆ ಹೋದಳು. ಅಂದಿನಿಂದ ಅಪ್ಪ ನನ್ನ ಎಡಗೈಯ ಮೇಲೆ ಯುದ್ಧ ಸಾರಿದ. ಊಟಕ್ಕೆ ಕೂತಾಗ ಟವೆಲಿನಿಂದ ಅದನ್ನು ನನ್ನ ಉಡಿದಾರಕ್ಕೆ ಕಟ್ಟುತ್ತಿದ್ದ. ಕಟ್ಟುವಾಗ ನೋಯದಂತೆ ಒಂದು ಬೆರಳಿನಷ್ಟು ಸಡಿಲ ಬಿಡುತ್ತಿದ್ದ ಎನ್ನುವುದನ್ನೂ ಹೇಳಬೇಕು. ಹೀಗೆ ನಾನು ಬಲಗೈಯಲ್ಲಿ ಉಣ್ಣುವುದನ್ನು, ಬರೆಯುವುದನ್ನು, ಕೊಟ್ಟು ತೆಗೆದುಕೊಳ್ಳುವುದನ್ನು ಕಲಿತೆ. ಅಪ್ಪ ಯುದ್ಧ ಗೆದ್ದೆನೆಂದುಕೊಂಡ. ಎಡಗೈ ಅವನ ಬೆನ್ನ ಹಿಂದೆ ತನ್ನ ಕೆಲಸ ಮಾಡಿಕೊಂಡಿತ್ತು.

ಅತ್ತ ನಿಜವಾದ ಮಹಾಯುದ್ಧವೂ ಮುಗಿಯಿತು. ನನಗೆ ಮೀಸೆ ಬಂದಿತ್ತು, ಕೆಲಸವಿರಲಿಲ್ಲ. ನಮ್ಮ ತುಂಡು ಹೊಲ ಇಬ್ಬರು ಅಣ್ಣಂದಿರಿಗೇ ಸಾಲದು, ಮೂರನೆಯವನಾದ ನನಗೆ ಅಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹಲಸೂರಿನಲ್ಲಿ ಟ್ರಂಕು, ಲಾಟೀನು ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿನ ಮೇಸ್ತ್ರಿ ತಮಿಳು ಬೆರೆಸಿದ ಕನ್ನಡದಲ್ಲಿ ಹೇಳಿದ್ದ: "ನಿನ್ ಸಾಮಾನು ನೀನೇ ತರ್ಬೇಕು ತಂಬಿ. ಸೋಮವಾರ ಒಂದು ತಗಡು ಕೊಡ್ತೀನಿ, ದುಂಡಗೆ ಕತ್ತರಿಸಿ ತೋರ್ಸು. ಬಂದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ." ಅವರಿವರ ಕತ್ತರಿ ಬೇಡಿ ತಂದು ಅಭ್ಯಾಸ ಮಾಡಿದೆ. ಬಲಗೈಯಲ್ಲಿ ಕತ್ತರಿಸಿದರೆ ತಗಡಿನ ಅಂಚು ಮೇಕೆ ತಿಂದ ಎಲೆಯಂತಾಗುತ್ತಿತ್ತು. ಕದ್ದುಮುಚ್ಚಿ ಎಡಗೈಗೆ ಬದಲಾಯಿಸಿದರೆ ಅದಕ್ಕಿಂತ ಕೆಡುಕು: ಅಲಗುಗಳು ಒಂದನ್ನೊಂದು ಬಿಟ್ಟು ದೂರ ಸರಿದು, ತಗಡು ನಡುವೆ ಮಡಚಿಕೊಳ್ಳುತ್ತಿತ್ತು. ಅದೇಕೆ ಹಾಗೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಎರಡು ಕೈಗಳೂ ಕೆಲಸಕ್ಕೆ ಬಾರದವು ಎಂದು ತೀರ್ಮಾನಿಸಿ ಬಿಟ್ಟಿದ್ದೆ.

ಭಾನುವಾರ ಅಪ್ಪ ನನ್ನನ್ನು ಗುಜರಿಗೆ ಕರೆದುಕೊಂಡು ಹೋದ. ಮಿಲಿಟರಿಯವರು ಮಾರಿದ ಸಾಮಾನೆಲ್ಲ ಅಲ್ಲಿ ಗುಡ್ಡೆ ಬಿದ್ದಿತ್ತು. ಗಫೂರ್ ಸಾಬರ ಅಂಗಡಿ ಅಪ್ಪನ ತರಕಾರಿ ಜಾಗದಿಂದ ಕೂಗಳತೆ ದೂರ, ಸುತ್ತಲಿದ್ದವರೆಲ್ಲ ಪರಿಚಯದವರೇ. ಹತ್ತು ಕೆಟ್ಟದ್ದಕ್ಕಿಂತ ನಾಲ್ಕು ಒಳ್ಳೆಯದು ಸಾಕು ಎನ್ನುವುದು ಅಪ್ಪನ ಲೆಕ್ಕ. ಸುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಹಿಡಿಯ ಮರದ ಗೆರೆಗಳು ಉದ್ದಕ್ಕೂ ನೇರ ಇವೆಯೇ ಎಂದು ನೇಗಿಲ ಸಾಲು ನೋಡಿದ ಹಾಗೆ ನೋಡಿದ. ಅಡ್ಡ ಗೆರೆಯಿದ್ದರೆ ಹೊಡೆತಕ್ಕೆ ಸೀಳುತ್ತದೆ. ಅರದ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದ. ಇಕ್ಕಳಗಳನ್ನು ಸೂರ್ಯನಿಗೆ ಹಿಡಿದು ಹಿಡಿದು ಬದಿಗಿಟ್ಟ. ಸಾಬರು ಬೀಡಿ ಹಚ್ಚಿ, "ಗೌಡ್ರೇ, ಇಕ್ಕಳ ತಗೊತೀರಾ, ಸೊಸೆ ತಗೊತೀರಾ?" ಎಂದರು. ಅವ್ವನ ಮಾತು ಇಲ್ಲಿಯವರೆಗೂ ಹಬ್ಬಿತ್ತು ಎಂದು ಕಾಣುತ್ತದೆ.

ಕೊನೆಗೆ ಕತ್ತರಿ. ಸಾಬರು ಕೊಟ್ಟದ್ದನ್ನು ಬಲಗೈಯಲ್ಲಿ ಹಿಡಿದು ಒಂದು ತಗಡಿನ ಚೂರು ಕತ್ತರಿಸಿದೆ. ಅದೇ ಮೇಕೆ ತಿಂದ ಎಲೆ. ಅಪ್ಪ ಕತ್ತರಿಯನ್ನೇ ಬೈದು ಬೇರೆ ಕೇಳಿದ. ಇನ್ನೊಂದು, ಮತ್ತೊಂದು. ಸಾಬರಿಗೆ ರೇಗಿತು. "ಕತ್ತರಿ ಚೆನ್ನಾಗೈತೆ ಗೌಡ್ರೇ, ನಿಮ್ ಹುಡ್ಗನ್ ಕೈ ಚೆನ್ನಾಗಿಲ್ಲ" ಎಂದುಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಮೂಲೆಯ ರಾಶಿಗೆ ಕೈ ಹಾಕಿ, ತುಕ್ಕು ಮೆತ್ತಿದ ಒಂದು ಕತ್ತರಿ ಎಳೆದು ತಟ್ಟಿದ. ನಾದ ಒಳ್ಳೆಯದಿತ್ತು.

"ಅದು ನಕ್ಕೋ, ಬ್ಯಾಡ" ಎಂದರು ಸಾಬರು. " ಮಿಲಿಟ್ರಿ ಮಾಲು, ಕತ್ತರ್ಸಾದೇ ಇಲ್ಲ. ತಗೊಂಡೋರೆಲ್ಲಾ ವಾಪಸ್ ತಂದು ಬಿಸಾಕ್ತಾರೆ."

ಅಪ್ಪ ತಾನೇ ಕತ್ತರಿಸಿ ನೋಡಿದ. ತಗಡು ಮಡಚಿಕೊಂಡಿತು. ಬೇಸರದಿಂದ ಕೆಳಗೆಸೆದ. ಅದು ನನ್ನ ಕಾಲ ಬಳಿ ಬಿತ್ತು. ಯೋಚಿಸದೆ ಎತ್ತಿಕೊಂಡೆ, ಯೋಚಿಸದೆ ಎತ್ತಿದ್ದರಿಂದ ಎಡಗೈಯಲ್ಲೇ ಎತ್ತಿಕೊಂಡೆ. ಕೈಯಲ್ಲಿದ್ದ ಚೂರಿಗೆ ಇಟ್ಟು ಒತ್ತಿದೆ. ಬಾಳೆಲೆ ಸೀಳಿದ ಹಾಗೆ ಸರ್ರನೆ ಹೋಯಿತು. ಯಾವ ಎಡಚ ಸೋಲ್ಜರನಿಗೆ ಮಾಡಿದ್ದೋ ಏನೋ, ಅದರ ಅಲಗುಗಳನ್ನು ತಿರುವುಮುರುವಾಗಿ ಕೂರಿಸಿದ್ದರು. ಸಂತೋಷದಲ್ಲಿ ದುಂಡಗೆ ಒಂದು ಸುತ್ತು ಕತ್ತರಿಸಿ ತಲೆಯೆತ್ತಿದರೆ ಅಪ್ಪ ನನ್ನ ಎಡಗೈಯನ್ನೇ ನೋಡುತ್ತಿದ್ದ. ಪಕ್ಕದ ಅಂಗಡಿಯವರೂ ನೋಡುತ್ತಿದ್ದರು. ನಾನು ಗಾಬರಿಯಿಂದ ಕತ್ತರಿಯನ್ನು ಬಲಗೈಗೆ ಬದಲಾಯಿಸಿಕೊಂಡೆ.

ಅಪ್ಪ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಸಾಬರ ಮುಂದಿಟ್ಟ. "ಇದೂ ಕಟ್ಟಿ ಸಾಬ್ರೇ" ಎಂದ. ಗಾಡಿಯಲ್ಲಿ ಹಲಸೂರು ದಾಟಿ ಊರು ಸೇರುವವರೆಗೂ ಎತ್ತಿನ ಜೊತೆ ಮಾತಾಡಿದನೇ ಹೊರತು ನನ್ನ ಜೊತೆಯಲ್ಲ. ನಾಳೆ ಮೇಸ್ತ್ರಿಯ ಎದುರು ಯಾವ ಕೈ ಚಾಚಬೇಕೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಎಡಗೈ ಚಾಚಿದರೆ ಅಪ್ಪನ ಮಾತು ಮುರಿದಂತೆ, ಬಲಗೈ ಚಾಚಿದರೆ ಕೆಲಸ ಹೋದಂತೆ.

ಬೆಳಿಗ್ಗೆ ಅವ್ವ ಸಾಮಾನುಗಳನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಅಪ್ಪ ಸ್ನಾನ ಮಾಡಿ ಬಂದು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟ. ಸುತ್ತಿಗೆ, ಅರ, ಇಕ್ಕಳ. ಎಲ್ಲವನ್ನೂ ಬಲಗೈಯಲ್ಲಿ ಇಸಿದುಕೊಂಡು ಚೀಲಕ್ಕೆ ಹಾಕಿದೆ. ಆಮೇಲೆ ಕತ್ತರಿ ನೀಡಿದ. ಬಲಗೈ ಚಾಚಿದೆ. ಅಪ್ಪ ಕೊಡಲಿಲ್ಲ. ಹಿಡಿದುಕೊಂಡೇ ನಿಂತ. ತಪ್ಪೇನಾಯಿತೆಂದು ತಿಳಿಯದೆ ಎರಡೂ ಕೈ ಒಡ್ಡಿದೆ. ಆಗಲೂ ಕೊಡಲಿಲ್ಲ. ಅವನ ಕಣ್ಣು ನನ್ನ ಎಡಗೈಯ ಮೇಲಿತ್ತು. ಮೆಲ್ಲಗೆ ಬಲಗೈ ಹಿಂದಕ್ಕೆ ತೆಗೆದುಕೊಂಡೆ.

"ಅಯ್ಯೋ, ಶುಭಕ್ಕೆ ಹೊರಟೋನು ಎಡಗೈಲಿ ಇಸ್ಕೊಳೋದಾ?" ಎಂದಳು ಅವ್ವ.

"ಅದು ಅವನ ಕೆಲಸದ ಕೈ ಕಣೇ" ಎಂದ ಅಪ್ಪ. ಕತ್ತರಿಯನ್ನು ನನ್ನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ. ಟವೆಲಿನಿಂದ ಕಟ್ಟುತ್ತಿದ್ದ ಅದೇ ದೊಡ್ಡ ಕೈಗಳು ಅವು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇಕೆ?

ಮೇಸ್ತ್ರಿ ನಾನು ಕತ್ತರಿಸಿದ ಬಿಲ್ಲೆಯನ್ನು ತಿರುಗಿಸಿ ನೋಡಿ, "ನಾಳೆಯಿಂದ ಬಾ" ಎಂದ. ಯಾವ ಕೈ ಎಂದು ಕೇಳಲೂ ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಖುಷಿಯಲ್ಲಿ ಎಡಗೈಯಿಂದ ಮುದ್ದೆ ಮುರಿಯಲು ಹೋದೆ. ಅಪ್ಪ ಗದರಿದ. ಕೆಲಸ ಬೇರೆ, ಊಟ ಬೇರೆ.

ಮಹಡಿಯ ಆ ಹುಡುಗನಿಗೆ ಇದನ್ನೆಲ್ಲ ಹೇಳಿ ಆರಿಸುವುದೆಂದರೆ ಏನೆಂದು ಪಾಠ ಮಾಡಬೇಕೆಂದೇ ಬರೆಯಲು ಕೂತೆ. ಈಗ ಪಾಠದ ಆಸೆ ಹೋಗಿದೆ. ಇಷ್ಟೂ ಪುಟ ಬರೆದದ್ದು ಅಪ್ಪ ಹೇಳಿಕೊಟ್ಟ ಬಲಗೈಯಲ್ಲೇ. ಒಂದು ಪದವನ್ನಾದರೂ ಇನ್ನೊಂದರಲ್ಲಿ ಬರೆಯೋಣವೆಂದು ಈಗ ತಾನೇ ಪೆನ್ನು ಬದಲಾಯಿಸಿ, ಕೆಳಗೆ 'ಅಪ್ಪ' ಎಂದು ಬರೆದೆ. ಅಕ್ಷರ ಸೊಟ್ಟಗಾಗಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಈಗ ಬದುಕಿದ್ದಿದ್ದರೆ ಹಾಳೆಯನ್ನು ಉಗುರಿನಿಂದ ತಟ್ಟಿ, ಬೆಳಕಿಗೆ ಹಿಡಿದು, ಚೆನ್ನಾಗಿದೆ ಎನ್ನುತ್ತಿದ್ದ.